ನಮ್ಮ ಅಪಾರ್ಟ್‌ಮೆಂಟಿನ ಕರೆಂಟ್ ಎಲ್ಲಿ ಹೋಗುತ್ತಿತ್ತು?

ಎರಡು ವರ್ಷ ನಮ್ಮ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ ಆಗಿದ್ದೆ. ಯಾರೂ ಒಪ್ಪದ ಕೆಲಸ, ಮೀಟಿಂಗಿಗೆ ತಡವಾಗಿ ಹೋದ ತಪ್ಪಿಗೆ ನನ್ನ ತಲೆಗೆ ಕಟ್ಟಿದರು. ಬೆಂಗಳೂರಿನಲ್ಲಿ 84 ಮನೆ, ಎರಡು ಲಿಫ್ಟ್, ಒಂದು ಬೇಸ್‌ಮೆಂಟ್. ಮೊದಲ ತಿಂಗಳು ಕಾಮನ್ ಏರಿಯಾ ಬಿಲ್ಲು ನೋಡಿದೆ. 6,900 ಯೂನಿಟ್!

ಎಲ್ಲರೂ ಬೇಸ್‌ಮೆಂಟಿನ ಲೈಟಿನ ಕಡೆಗೇ ಬೆರಳು ತೋರಿಸಿದರು. ಸುಳ್ಳೇನಲ್ಲ. 60 ಹಳೇ ಟ್ಯೂಬ್‌ಲೈಟ್, ಚೋಕ್ ಸೇರಿ ಒಂದೊಂದಕ್ಕೂ 50 ವ್ಯಾಟ್, ಹಗಲೂ ರಾತ್ರಿ ಉರಿಯುತ್ತಿದ್ದವು. 20 ವ್ಯಾಟಿನ ಎಲ್‌ಇಡಿ ಹಾಕಿಸಿ, ಮೂರರಲ್ಲಿ ಎರಡಕ್ಕೆ ಸೆನ್ಸರ್ ಕೊಟ್ಟೆವು. ದಿನಕ್ಕೆ 72 ಯೂನಿಟ್ ಇದ್ದದ್ದು 13ಕ್ಕೆ ಇಳಿಯಿತು. ಇದು ಸುಲಭದ ಕೆಲಸ, ಎಲ್ಲರೂ ಮಾಡುತ್ತಾರೆ. ಆದರೂ ಬಿಲ್ಲು 5,000 ದಾಟಿಯೇ ಬರುತ್ತಿತ್ತು.

ಆಗ ನಮ್ಮ ಎಲೆಕ್ಟ್ರಿಷಿಯನ್ ಕ್ಲಾಂಪ್ ಮೀಟರ್ ಹಿಡಿದು ಒಂದು ಭಾನುವಾರ ಪೂರ್ತಿ ಪ್ಯಾನೆಲ್ ಬೋರ್ಡಿನ ಮುಂದೆ ಕೂತ. ಒಂದೊಂದೇ ಲೈನ್ ಅಳೆದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಈ ಕೆಲಸವನ್ನು ಲೈಟಿಗೆ ಕೈ ಹಾಕುವ ಮುಂಚೆಯೇ ಮಾಡಬೇಕಿತ್ತು, ಅಲ್ವಾ? ನೋಡಿದರೆ ದೊಡ್ಡ ಹೊಟ್ಟೆಬಾಕ ಎಸ್‌ಟಿಪಿ ಬ್ಲೋವರ್, ಅಂದರೆ ಮನೆಗಳ ಕೊಳಚೆ ನೀರು ಶುದ್ಧ ಮಾಡುವ ಘಟಕಕ್ಕೆ ಗಾಳಿ ಊದುವ ಯಂತ್ರ. 5 ಎಚ್‌ಪಿ ಮೋಟಾರು, 24 ಗಂಟೆ ಓಡುತ್ತದೆ, ದಿನಕ್ಕೆ ಸುಮಾರು 90 ಯೂನಿಟ್. ಅದರ ರೂಮಿಗೆ ವಾಸನೆಗೆ ಹೆದರಿ ನಾವ್ಯಾರೂ ಇಳಿದೇ ಇರಲಿಲ್ಲ.

ಇಲ್ಲೇ ನಾನು ದಡ್ಡತನ ಮಾಡಿದ್ದು. ರಾತ್ರಿ ನೀರು ಬಳಕೆ ಕಡಿಮೆ ತಾನೇ ಅಂತ ಟೈಮರ್ ಹಾಕಿಸಿ ಹತ್ತರಿಂದ ಆರರವರೆಗೆ ಬ್ಲೋವರ್ ನಿಲ್ಲಿಸಿಬಿಟ್ಟೆ. ಅಲ್ಲಿ ಶುದ್ಧವಾದ ನೀರೇ ನಮ್ಮ ಫ್ಲಶ್‌ಗೆ ಬರುವುದು. ಮೂರನೇ ದಿನ ಫ್ಲಶ್ ನೀರಿನಿಂದ ಕೊಳೆತ ಮೊಟ್ಟೆ ವಾಸನೆ, ವಾಟ್ಸಾಪ್ ಗ್ರೂಪಿನಲ್ಲಿ ನನಗೆ ಮಂಗಳಾರತಿ. ಎಸ್‌ಟಿಪಿ ನೋಡಿಕೊಳ್ಳುವ ಹುಡುಗ ಹೇಳಿದ: "ಸರ್, ಅದರೊಳಗಿನ ಹುಳಕ್ಕೂ ಉಸಿರು ಬೇಕು. ಅಷ್ಟು ಹೊತ್ತು ಗಾಳಿ ನಿಲ್ಸಿದ್ರೆ ಸತ್ತೋಗ್ತವೆ." ಹುಳ ಅಂದರೆ ಕೊಳಚೆ ತಿನ್ನುವ ಬ್ಯಾಕ್ಟೀರಿಯಾ. ಅವನನ್ನು ಮೊದಲೇ ಕೇಳಿದ್ದರೆ ಮಾನ ಉಳಿಯುತ್ತಿತ್ತು. ಆಮೇಲೆ ಅವನೇ ಹೇಳಿದಂತೆ ಎರಡು ಗಂಟೆ ಓಡಿಸಿ ಒಂದು ಗಂಟೆ ಬಿಡುವು ಕೊಟ್ಟೆವು. ವಾಸನೆ ಇಲ್ಲ, ದಿನಕ್ಕೆ 30 ಯೂನಿಟ್ ಉಳಿತಾಯ.

ಇನ್ನು ಸಂಪಿನ ಮೋಟಾರು. 15,000 ಲೀಟರಿನ ಓವರ್‌ಹೆಡ್ ಟ್ಯಾಂಕ್ ತುಂಬಲು 2 ಗಂಟೆ 20 ನಿಮಿಷ ಹಿಡಿಯುತ್ತಿತ್ತು. ಬಿಚ್ಚಿ ನೋಡಿದರೆ ನೀರು ತಳ್ಳುವ ಚಕ್ರ (ಇಂಪೆಲ್ಲರ್) ಸವೆದಿದೆ, ಪೈಪಿನ ತಳದ ಫುಟ್ ವಾಲ್ವಿನ ಜಾಲರಿಗೆ ಕಸ ಕಟ್ಟಿದೆ. ರಿಪೇರಿ ಆದ ಮೇಲೆ 1 ಗಂಟೆ 20 ನಿಮಿಷ ಸಾಕಾಯಿತು. ಮೋಟಾರು ಓಡುತ್ತಿದೆ ಅಂದರೆ ಸರಿಯಾಗಿದೆ ಅಂದುಕೊಳ್ಳುತ್ತೇವೆ, ಎಷ್ಟು ಹೊತ್ತು ಓಡುತ್ತಿದೆ ಅಂತ ಯಾರೂ ಗಡಿಯಾರ ನೋಡುವುದಿಲ್ಲ.

ನೀರಿನ ಮಾತು ಬಂತಲ್ಲ, ಇನ್ನೊಂದು ಹೇಳಿಬಿಡುತ್ತೇನೆ. ನಮ್ಮ ನಲ್ಲಿಗೆ ಬರುವ ಕಾವೇರಿ ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ದೂರ ಬರುತ್ತಾಳೆ, ಅದೂ ಮೂರು ಹಂತಗಳಲ್ಲಿ ಪಂಪ್ ಮಾಡಿಸಿಕೊಂಡು ಸುಮಾರು 500 ಮೀಟರ್ ಮೇಲಕ್ಕೆ. ಜಲಮಂಡಳಿಯ ದೊಡ್ಡ ಖರ್ಚೇ ಕರೆಂಟು. ಹಾಗಾಗಿ ಈ ಊರಿನಲ್ಲಿ ಸುಮ್ನೆ ಹರಿದು ಹೋದ ಒಂದು ಬಕೆಟ್ ನೀರು ಅಂದರೆ ನಮ್ಮ ಮೀಟರಿನಲ್ಲಿ ಕಾಣಿಸದ ಕರೆಂಟು. 2024ರ ಬೇಸಿಗೆಯಲ್ಲಿ ಮಂಡಳಿ ನಲ್ಲಿಗೆ ಏರೇಟರ್ (ನೀರಿಗೆ ಗಾಳಿ ಬೆರೆಸಿ ಹರಿವು ಕಡಿಮೆ ಮಾಡುವ ಜಾಲರಿ) ಹಾಕಿಸಿ ಅಂದಾಗ ಗೊಣಗಿಕೊಂಡೇ ಹಾಕಿಸಿದೆವು, ಈಗ ಯಾರಿಗೂ ಅದು ಇದೆ ಅನ್ನುವ ನೆನಪೂ ಇಲ್ಲ.

ಈಗ ಬಿಲ್ಲು 3,700 ಯೂನಿಟ್ ಆಸುಪಾಸು. ನಮ್ಮ ಗ್ರಿಡ್ಡಿನ ಒಂದು ಯೂನಿಟ್ಟಿಗೆ ಸುಮಾರು 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹಿಡಿದರೆ ತಿಂಗಳಿಗೆ ಎರಡು ಟನ್ನಿಗೂ ಜಾಸ್ತಿ ಉಳಿಯಿತು. ಮೀಟಿಂಗಿನಲ್ಲಿ ಇದನ್ನು ಹೇಳಿದೆ, ಯಾರೂ ತಲೆ ಎತ್ತಲಿಲ್ಲ. ಮೇಂಟೆನೆನ್ಸ್ ಏರಿಸುವುದಿಲ್ಲ ಅಂದೆ, ಚಪ್ಪಾಳೆ ಬಿತ್ತು.

ಉಳಿದಿರುವುದು ಸೋಲಾರ್ ಬಿಸಿನೀರು. ಟೆರೇಸಿನಲ್ಲಿ ಹೀಟರ್ ಇದೆ, ಆದರೆ ಕೆಳಗಿನ ಮನೆಗಳಿಗೆ ಬಿಸಿ ಬರುವಷ್ಟರಲ್ಲಿ ಎರಡು ಬಕೆಟ್ ತಣ್ಣೀರು ಬಿಡಬೇಕು, ಅದಕ್ಕೆ ಎಲ್ಲರೂ ಗೀಸರ್ ಹಾಕುತ್ತಾರೆ. ಪೈಪಿಗೆ ಫೋಮ್ ಸುತ್ತಿಸುವ ವಿಷಯ ಮೂರು ಮೀಟಿಂಗಿನಿಂದ ಮುಂದಕ್ಕೆ ಹೋಗುತ್ತಲೇ ಇದೆ. ನಾನಂತೂ ಕಾದು ಸಾಕಾಗಿ ನಮ್ಮ ಮನೆ ಲೈನಿಗೆ ಮಾತ್ರ ಸುತ್ತಿಸಿಕೊಂಡಿದ್ದೇನೆ.