ಬಾಡಿಗೆಗೆ ಹೋದ ಗಾಡಿ ವಾಪಸ್ ಬರದಿದ್ದರೆ ವಿಮೆ ಕೇಳುವುದು ಹೇಗೆ?

ದಾವಣಗೆರೆಯಲ್ಲಿ ಟಿಪ್ಪರ್ ಬಾಡಿಗೆಗೆ ಬಿಡುವವರಿಗೂ ಐರ್ಲೆಂಡಿನಲ್ಲಿ ವಿಮಾನ ಲೀಸ್‌ಗೆ ಕೊಡುವವರಿಗೂ ಭಯ ಒಂದೇ: ಒಯ್ದವರು ತಂದುಕೊಡದಿದ್ದರೆ? 2022ರಲ್ಲಿ ವಿಮಾನದವರಿಗೆ ಅದೇ ಆಯಿತು. ಉಕ್ರೇನ್ ಯುದ್ಧ ಶುರುವಾದ ಮೇಲೆ, ರಷ್ಯಾದವರ ಜೊತೆಗಿನ ಲೀಸ್‌ಗಳನ್ನು ಮಾರ್ಚ್ 28ರೊಳಗೆ ಮುಗಿಸಿಕೊಳ್ಳಿ ಎಂದು ಐರೋಪ್ಯ ಒಕ್ಕೂಟ ಹೇಳಿತು. ಅಷ್ಟರಲ್ಲಿ, ಮಾರ್ಚ್ 10ರಂದೇ, ವಿಮಾನಗಳು ದೇಶ ಬಿಟ್ಟು ಹೋಗದಂತೆ ರಷ್ಯಾ ಸರ್ಕಾರ ಆದೇಶ ಜಾರಿಗೆ ತಂದಿತು.

ಮಾಲೀಕರ ಕೈಲಿ ಎರಡು ಬಗೆಯ ವಿಮೆ ಇತ್ತು: ಒಂದು ಸಾಮಾನ್ಯ 'ಆಲ್ ರಿಸ್ಕ್', ಇನ್ನೊಂದು ಯುದ್ಧ ಮತ್ತು ಸರ್ಕಾರಿ ಜಪ್ತಿಗೆಂದೇ ಮಾಡಿಸಿದ್ದು. ಎರಡೂ ವಿಮೆ ಕಂಪನಿಯವರು ಒಬ್ಬರತ್ತ ಒಬ್ಬರು ಬೆರಳು ತೋರಿಸಿದರು. ನಷ್ಟ ಆದದ್ದು ಮಾರ್ಚ್ 10ಕ್ಕೆ, ಕಾರಣ ಸರ್ಕಾರದ ಆದೇಶ, ಹಾಗಾಗಿ ಯುದ್ಧದ ವಿಮೆಯವರೇ ಕೊಡಬೇಕು ಎಂದು ಲಂಡನ್ ಹೈಕೋರ್ಟ್ 2025ರ ಜೂನ್‌ನಲ್ಲಿ ತೀರ್ಪು ಕೊಟ್ಟಿತು. ಆ ವಿಮಾನ ಮಾಲೀಕರಲ್ಲೊಂದಾದ ಏರ್‌ಕ್ಯಾಪ್ ಕಂಪನಿ ಕೇಳಿದ್ದು 200 ಕೋಟಿ ಡಾಲರ್‌ಗೂ ಹೆಚ್ಚು. ಯುದ್ಧದ ವಿಮೆಯ ಮಿತಿಯೇ ಕಡಿಮೆ ಇದ್ದುದರಿಂದ ಸಿಕ್ಕಿದ್ದು ಸುಮಾರು 103 ಕೋಟಿ. ಯಾವ ಕಾರಣಕ್ಕೆ ಹೋಯಿತು, ಯಾವ ದಿನ ಹೋಯಿತು, ಮಿತಿ ಎಷ್ಟು? ನಿಮ್ಮ ಟಿಪ್ಪರ್‌ಗೂ ಇವೇ ಮೂರು ಪ್ರಶ್ನೆ.

ಗಾಡಿ ಕೊಡುವ ಮೊದಲು

ಪಾಲಿಸಿ ತೆಗೆದು ಓದಿ. ಗಾಡಿಯ ಪ್ಯಾಕೇಜ್ ಪಾಲಿಸಿಯಲ್ಲಿ ಕಳವಿಗೆ ರಕ್ಷಣೆ ಇದೆ, ಯುದ್ಧಕ್ಕೆ ಇಲ್ಲ. ನಂಬಿಕೆ ದ್ರೋಹದ, ಅಂದರೆ ಒಯ್ದವರೇ ಇಟ್ಟುಕೊಳ್ಳುವುದರ, ಹೆಸರೇ ಅದರಲ್ಲಿಲ್ಲ. ಚೈನಿನ ಮೇಲೆ ಓಡುವ ಹಿಟಾಚಿಯಂಥ ಯಂತ್ರಕ್ಕೆ ಗುತ್ತಿಗೆದಾರರ ಯಂತ್ರೋಪಕರಣ ಪಾಲಿಸಿ ಬೇರೆಯೇ ಇದೆ. ಸರ್ಕಾರಿ ಆದೇಶದಿಂದ ವಶವಾದರೆ ಹಣವಿಲ್ಲ ಎಂಬ ಷರತ್ತು ಅದರಲ್ಲಿರುತ್ತದೆ. ಯಂತ್ರಗಳನ್ನು ಎಣಿಸಿ ಲೆಕ್ಕ ತೆಗೆಯುವಾಗ ಮಾತ್ರ ಗೊತ್ತಾದ ನಷ್ಟಕ್ಕೂ ಇಲ್ಲ, ಅಂದರೆ 'ಯಾವಾಗ ಹೋಯಿತೋ ಗೊತ್ತಿಲ್ಲ' ಎಂದರೆ ಅಲ್ಲಿಗೆ ಮುಗಿಯಿತು.

ಐಡಿವಿ, ಅಂದರೆ ಪಾಲಿಸಿಯಲ್ಲಿ ಬರೆದಿರುವ ಗಾಡಿಯ ಬೆಲೆ, ನೋಡಿ. ಕಳವಾದರೆ ಸಿಗುವ ಗರಿಷ್ಠ ಮೊತ್ತ ಅದೇ. ಗಾಡಿಗೆ ಎರಡು ವರ್ಷ ದಾಟಿ ಮೂರರೊಳಗಿದ್ದರೆ ಹೊಸ ಬೆಲೆಯಲ್ಲಿ ಶೇ 30, ನಾಲ್ಕು ದಾಟಿ ಐದರೊಳಗಿದ್ದರೆ ಶೇ 50 ಕಳೆಯುತ್ತಾರೆ. ಪ್ರೀಮಿಯಂ ಉಳಿಸಲು ಅದನ್ನೂ ಇಳಿಸಿಕೊಂಡವರು ಆಮೇಲೆ ಏರ್‌ಕ್ಯಾಪ್‌ನಂತೆ ಅರ್ಧಕ್ಕೆ ಬಂದು ನಿಲ್ಲುತ್ತಾರೆ.

ಬಾಡಿಗೆ ಕರಾರು ಬಾಯಿಮಾತಲ್ಲಿ ಬೇಡ. ಯಾವ ದಿನ, ಯಾವ ಜಾಗದಲ್ಲಿ ವಾಪಸ್ ಎಂಬುದು ಬರಹದಲ್ಲಿರಲಿ.

ದಿನ ಮೀರಿದ ಮೇಲೆ

ಮೊದಲು ಬಾಡಿಗೆದಾರರಿಗೆ ಲಿಖಿತ ನೋಟಿಸ್: ಇಂಥ ದಿನದೊಳಗೆ ತಂದುಬಿಡಿ. ಸ್ಪೀಡ್ ಪೋಸ್ಟ್ ರಸೀದಿ ಇಟ್ಟುಕೊಳ್ಳಿ, ವಾಟ್ಸಾಪ್‌ನಲ್ಲೂ ಕಳಿಸಿ. ನಷ್ಟದ ದಿನ ಯಾವುದು ಎಂಬ ಜಗಳಕ್ಕೆ ಉತ್ತರ ಇದೇ ಕಾಗದ.

ಆಮೇಲೆ ಠಾಣೆ. ರಾತ್ರಿ ಸೈಟಿನಿಂದ ಯಾರೋ ಒಯ್ದಿದ್ದರೆ ಅದು ಕಳವು, ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 303. ಬಾಡಿಗೆದಾರನೇ ಇಟ್ಟುಕೊಂಡಿದ್ದರೆ ನಂಬಿಕೆ ದ್ರೋಹ, 316. ಕಂಪನಿಯ ಇನ್ವೆಸ್ಟಿಗೇಟರ್ ಮೊದಲು ನೋಡುವುದು ಎಫ್‌ಐಆರ್‌ನ ಈ ಸಾಲನ್ನೇ, ಕ್ಲೇಮ್ ಬೀಳುವುದೂ ಹೆಚ್ಚಾಗಿ ಇಲ್ಲೇ. ಹಾಗಂತ 316 ಅನ್ನು 303 ಎಂದು ಬರೆಸಲು ಹೋಗಬೇಡಿ: ಕರಾರು ಪತ್ರ ಹೊರಬಂದ ದಿನ ಸುಳ್ಳು ಹೇಳಿಕೆ ಎಂದು ಇಡೀ ಕ್ಲೇಮ್ ಹೋಗುತ್ತದೆ. ನಡೆದದ್ದನ್ನು ದಿನ, ಸಮಯದ ಸಮೇತ ಬರೆಸಿ. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಎಸ್‌ಪಿಯವರಿಗೆ ಅಂಚೆಯಲ್ಲಿ ಕಳಿಸಬಹುದು.

ಕಂಪನಿಗೆ ಅದೇ ದಿನ ತಿಳಿಸಿ, ಕ್ಲೇಮ್ ನಂಬರ್ ಬರೆದುಕೊಳ್ಳಿ. ಎಫ್‌ಐಆರ್ ತಕ್ಷಣ ಆಗಿದ್ದರೆ ಕಂಪನಿಗೆ ತಿಳಿಸಲು ತಡವಾಯಿತೆಂಬ ಒಂದೇ ಕಾರಣಕ್ಕೆ ಕಳವಿನ ಕ್ಲೇಮ್ ತಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಆದರೆ ಅದನ್ನು ಹೇಳಿಸಿಕೊಳ್ಳಲು ಅಲ್ಲಿವರೆಗೂ ಹೋಗಬೇಕಾಯಿತು!

ಮೂಲ ಆರ್‌ಸಿ, ಎರಡೂ ಕೀಲಿಕೈ, ಕರಾರು, ಸಾಲದ ಸ್ಟೇಟ್‌ಮೆಂಟ್, ಪೊಲೀಸರ 'ಸಿ ರಿಪೋರ್ಟ್' (ಗಾಡಿ ಪತ್ತೆಯಾಗಲಿಲ್ಲ ಎಂಬ ವರದಿ) ಕೇಳುತ್ತಾರೆ. ಒಂದು ಕೀಲಿ ಬಾಡಿಗೆದಾರನ ಬಳಿಯೇ ಉಳಿದಿದ್ದರೆ ಅದನ್ನು ದೂರಿನಲ್ಲೇ ನಮೂದಿಸಿ. ಸಾಲ ಬಾಕಿ ಇದ್ದರೆ ಹಣ ಮೊದಲು ಬ್ಯಾಂಕಿಗೆ.

ಜಪ್ತಿಯಾದರೆ

ವೇದಾವತಿ ನದಿಯ ಮರಳನ್ನು ಅಕ್ರಮವಾಗಿ ಹೇರಿದ ಗಾಡಿಯನ್ನು ಪೊಲೀಸರು ಹಿಡಿದರೆ ವಿಮೆಯ ದಾರಿ ಬಂದ್. ಬಿಡಿಸಿಕೊಳ್ಳಲು ಕೋರ್ಟಿನಲ್ಲಿ ನಾಗರಿಕ ಸುರಕ್ಷಾ ಸಂಹಿತೆಯ 497 ಅಥವಾ 503ರಡಿ ಅರ್ಜಿ ಹಾಕಬೇಕು. ಬಾಡಿಗೆದಾರನ ತಪ್ಪು ಎಂದು ತೋರಿಸಲು ಕರಾರು ಅಲ್ಲೂ ಬೇಕು.

ಕ್ಲೇಮ್ ತಿರಸ್ಕರಿಸಿದರೆ

ಯಾವ ಷರತ್ತಿನಡಿ ಎಂದು ಬರಹದಲ್ಲಿ ಕೇಳಿ. ಕಂಪನಿಯ ದೂರು ಅಧಿಕಾರಿಗೆ ಬರೆದು ಒಂದು ತಿಂಗಳು ಕಾಯಿರಿ. ಆಮೇಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ, ಎರಡು ವರ್ಷದೊಳಗೆ. 'ಇದು ವ್ಯಾಪಾರದ ಗಾಡಿ, ನೀವು ಗ್ರಾಹಕರಲ್ಲ' ಎಂದು ಕಂಪನಿಯ ವಕೀಲರು ವಾದಿಸಬಹುದು. ವಿಮೆ ಮಾಡಿಸುವುದು ನಷ್ಟ ತುಂಬಿಕೊಳ್ಳಲೇ ಹೊರತು ಲಾಭಕ್ಕಲ್ಲ ಎಂಬ 2023ರ ಹರ್ಸೋಲಿಯಾ ಮೋಟರ್ಸ್ ಪ್ರಕರಣದ ಸುಪ್ರೀಂ ಕೋರ್ಟ್ ತೀರ್ಪಿನ ಪ್ರತಿಯನ್ನು ಅರ್ಜಿಯ ಜೊತೆಗೇ ಲಗತ್ತಿಸಿ.