ಮೇಷ್ಟ್ರ ಹವ್ಯಾಸದ ಬಗ್ಗೆ ಬರೆಯೋಕೆ ನಾನು ಹಿಡಿದ ದಾರಿ

ಹೈಸ್ಕೂಲ್ ಮೇಷ್ಟ್ರುಗಳ ಹವ್ಯಾಸದ ಬಗ್ಗೆ ಶಾಲಾ ಪತ್ರಿಕೆಯಲ್ಲಿ ಸ್ವಲ್ಪ ತಮಾಷೆಯಾಗಿ ಬರೀತೀನಿ ಅಂದಾಗ ಒಪ್ಪಿದವರು ಕಡಿಮೆ. ಯಾರೂ ಓದಲ್ಲ ಅಂದರು ಕೆಲವರು. ಓದಿದರೆ ಜಗಳ ಆಗುತ್ತೆ ಅಂದರು ಇನ್ನು ಕೆಲವರು. ಈಗ ಮೂವತ್ತಕ್ಕೂ ಜಾಸ್ತಿ ಬರಹಗಳು ಅಚ್ಚಾಗಿವೆ. ಒಂದು ಜಗಳವೂ ಆಗಿಲ್ಲ. ಮಕ್ಕಳು ಪತ್ರಿಕೆಯನ್ನು ಕೊನೆಯ ಪುಟದಿಂದ ಓದೋಕೆ ಶುರು ಮಾಡುತ್ತಾರೆ, ಯಾಕಂದ್ರೆ ಈ ಬರಹ ಇರುವುದು ಅಲ್ಲೇ. ಪತ್ರಿಕೆ ನಡೆಸುವ ಕಷ್ಟ ನಿಮಗೂ ಗೊತ್ತು. ಹಾಗಾಗಿ ಪುಟ ಕಟ್ಟುವುದು, ಪ್ರೂಫ್ ತಿದ್ದುವುದು ಇದನ್ನೆಲ್ಲ ಬಿಟ್ಟು, ಕೈಕೊಟ್ಟ ದಾರಿಗಳನ್ನೇ ಮೊದಲು ಹೇಳುತ್ತೇನೆ.

ಮೊದಲು ಫಾರಂ ಹಂಚಿದ್ದೆ. ಹೆಸರು, ಪಾಠ ಮಾಡುವ ವಿಷಯ, ಹವ್ಯಾಸ, ಮಕ್ಕಳಿಗೆ ಸಂದೇಶ. ವಾಪಸ್ ಬಂದ ಫಾರಂಗಳಲ್ಲಿ ಹವ್ಯಾಸದ ಜಾಗದಲ್ಲಿ ಹೆಚ್ಚುಕಮ್ಮಿ ಮೂರೇ ಉತ್ತರ: ಓದುವುದು, ಹಾಡು ಕೇಳುವುದು, ಗಿಡ ಬೆಳೆಸುವುದು. ಸಂದೇಶ ಮಾತ್ರ ಎಲ್ಲರದ್ದೂ ಅರ್ಧ ಪುಟ. ಬರೆದವರನ್ನು ದೂರುವಂತಿಲ್ಲ. ಫಾರಂ ಕೈಗೆ ಕೊಟ್ಟರೆ ಯಾರಾದರೂ ಫಾರಂಗೆ ತಕ್ಕ ಉತ್ತರವನ್ನೇ ಕೊಡುತ್ತಾರೆ. ಮನೆಯಲ್ಲಿ ಹಳೇ ವಾಚು ಬಿಚ್ಚಿ ಕೂಡಿಸುವ ಗಣಿತದ ಸರ್ ಕೂಡ ‘ಓದುವುದು’ ಅಂತಲೇ ಬರೆದಿದ್ದರು.

ಆಮೇಲೆ ಮಕ್ಕಳನ್ನೇ ಸಂದರ್ಶನಕ್ಕೆ ಕಳಿಸಿದೆ. ಕಾರಿಡಾರಿನಲ್ಲಿ ನಿಂತು ‘ಸರ್, ನಿಮ್ಮ ಹವ್ಯಾಸ ಏನು?’ ಅಂತ ಕೇಳುವುದು, ಸರ್ ಎರಡು ಮಾತು ಹೇಳಿ ‘ಹೋಮ್‌ವರ್ಕ್ ಆಯ್ತಾ?’ ಅಂತ ತಿರುಗಿ ಕೇಳುವುದು, ಅಲ್ಲಿಗೆ ಮುಗೀತು. ಬಂದ ಬರಹಗಳಲ್ಲಿ ಒಳ್ಳೆಯ ವಾಕ್ಯಗಳು ಇದ್ದವು. ಆದರೆ ಅಡ್ಡಹೆಸರುಗಳೂ ಇದ್ದವು. ಅಡ್ಡಹೆಸರು, ಬೋಳುತಲೆ, ಹೊಟ್ಟೆ, ಸಿಟ್ಟು ಈ ನಾಲ್ಕನ್ನೂ ಆಗಲೇ ಪತ್ರಿಕೆಯಿಂದ ಹೊರಗಿಟ್ಟೆ. ನಗಿಸೋಕೆ ಅವೇ ಬೇಕು ಅನ್ನುವವರು ಮೇಷ್ಟ್ರುಗಳನ್ನು ಹತ್ತಿರದಿಂದ ನೋಡಿಲ್ಲ ಅಂತ ನನ್ನ ಲೆಕ್ಕ.

ದುಡ್ಡು ಹೋಗಿದ್ದು ಬಣ್ಣದ ಪುಟಕ್ಕೆ. ಹದಿನಾರು ಪುಟದ ಸಂಚಿಕೆಯಲ್ಲಿ ನಾಲ್ಕೇ ಪುಟ ಬಣ್ಣ. ಮಧ್ಯೆ ಮಡಚಿ ಪಿನ್ ಹೊಡೆಯುವ ಪತ್ರಿಕೆ, ಹಾಗಾಗಿ ಪುಟಗಳು ನಾಲ್ಕರ ಲೆಕ್ಕದಲ್ಲೇ ಬರಬೇಕು. ನನಗೆ ಬೇಕಾಗಿದ್ದು ಒಂದೇ ಬಣ್ಣದ ಪುಟ, ದುಡ್ಡು ಕೊಟ್ಟಿದ್ದು ನಾಲ್ಕಕ್ಕೆ. ಒಟ್ಟು ಖರ್ಚಿನ ಅರ್ಧದಷ್ಟು ಅಲ್ಲೇ ಕರಗಿತು. ಇಷ್ಟು ಮಾಡಿದ ಮೇಲೆ ಫೋಟೊದಲ್ಲಿ ಕಂಡಿದ್ದು ಏನು? ಸ್ಟಾಫ್ ರೂಮಿನ ಬೀರು ಮುಂದೆ ಕೈಕಟ್ಟಿ ನಿಂತ ಮೇಷ್ಟ್ರು. ಮುಂದಿನ ಸಂಚಿಕೆಗೆ ದುಡ್ಡು ಕೇಳೋಕೆ ಹೋದಾಗ ‘ಈ ಹುಚ್ಚು ಸಾಕು’ ಅನ್ನುವ ಮಾತು ಬಂತು. ಎರಡು ಸಂಚಿಕೆಯ ಕಾಗದದ ಖರ್ಚು ನನ್ನ ಜೇಬಿನಿಂದಲೇ ಹೋಯಿತು.

ದಾರಿ ಬದಲಾಗಿದ್ದು ನಾನು ಹವ್ಯಾಸ ಅನ್ನುವ ಪದವನ್ನೇ ಬಿಟ್ಟ ಮೇಲೆ. ‘ಸರ್, ಬಿಡುವಿನಲ್ಲಿ ನೀವು ಕೈಯಲ್ಲಿ ಹಿಡಿಯುವ ಒಂದು ಸಾಮಾನು ನಾಳೆ ತರ್ತೀರಾ?’ ಅಂತ ಕೇಳಿದೆ. ಅಷ್ಟೇ. ಸಾಮಾನು ಮೇಜಿನ ಮೇಲೆ ಬಂದರೆ ಮಾತು ತಾನಾಗಿ ಬರುತ್ತೆ. ಎರಡನೇ ಪ್ರಶ್ನೆಯೂ ಒಂದೇ: ‘ಇದು ಯಾವಾಗ ನಿಮ್ಮ ತಾಳ್ಮೆ ಕೆಡಿಸುತ್ತೆ?’ ಯಾಕೆ ಇಷ್ಟ ಅಂತ ಕೇಳಿದರೆ ಎಲ್ಲರೂ ‘ಮನಸ್ಸಿಗೆ ನೆಮ್ಮದಿ’ ಅನ್ನುತ್ತಾರೆ. ಯಾವಾಗ ಕಾಟ ಕೊಡುತ್ತೆ ಅಂತ ಕೇಳಿದರೆ ಪ್ರತಿಯೊಬ್ಬರ ಉತ್ತರವೂ ಬೇರೆ.

ಗಣಿತದ ಸರ್ ತಂದಿದ್ದು ಕೀ ಕೊಡುವ ಒಂದು ಹಳೇ ಕೈಗಡಿಯಾರ, ಕಣ್ಣಿಗೆ ಸಿಕ್ಕಿಸುವ ಲೆನ್ಸು, ಎರಡು ಚಿಮಟ. ಬಿಳಿ ಹಾಳೆ ಹಾಸಿ ವಾಚಿನ ಬೆನ್ನು ತೆಗೆದರು. ಒಳಗೆ ಬ್ಯಾಲೆನ್ಸ್ ವೀಲ್, ಅಂದರೆ ವಾಚಿಗೆ ತಾಳ ಕೊಡುವ ಪುಟ್ಟ ಚಕ್ರ, ಅತ್ತಿತ್ತ ಆಡುತ್ತಿತ್ತು. ಇಂಥ ಹಳೇ ವಾಚುಗಳು ಹೆಚ್ಚಾಗಿ ಗಂಟೆಗೆ 18,000 ಸಲ ಬಡಿಯುತ್ತವೆ, ಅಂದರೆ ಸೆಕೆಂಡಿಗೆ ಐದು. ಸರ್ ಅದನ್ನು ಕಿವಿಗೆ ಹಿಡಿದು ‘ಕುಂಟುತ್ತಿದೆ’ ಅಂದರು. ಟಿಕ್ ಆದ ಮೇಲೆ ಟಾಕ್ ಬರುವ ಹೊತ್ತೂ, ಟಾಕ್ ಆದ ಮೇಲೆ ಟಿಕ್ ಬರುವ ಹೊತ್ತೂ ಒಂದೇ ಇರಬೇಕಂತೆ. ನನಗೆ ಏನೂ ಗೊತ್ತಾಗಲಿಲ್ಲ, ಅವರಿಗೆ ಗೊತ್ತಾಯಿತು. ಅಷ್ಟರಲ್ಲಿ ಸಾಸಿವೆ ಕಾಳಿಗಿಂತ ಚಿಕ್ಕ ಒಂದು ಸ್ಕ್ರೂ ಚಿಮಟದಿಂದ ಹಾರಿತು. ಪಕ್ಕದಲ್ಲಿದ್ದ ಹುಡುಗ ‘ಲ್ಯಾಬಿನಿಂದ ಮ್ಯಾಗ್ನೆಟ್ ತರ್ತೀನಿ ಸರ್’ ಅಂತ ಓಡೋಕೆ ಹೊರಟ. ಕ್ಲಾಸಿನಲ್ಲಿ ಒಮ್ಮೆಯೂ ದನಿ ಏರಿಸದ ಸರ್ ‘ಬೇಡಾ!’ ಅಂತ ಕೂಗಿದ್ದು ಪಕ್ಕದ ಕೋಣೆಗೂ ಕೇಳಿತು. ಮ್ಯಾಗ್ನೆಟ್ ಹತ್ತಿರ ಬಂದರೆ ಆ ಚಕ್ರವನ್ನು ಆಡಿಸುವ ಕೂದಲೆಳೆಯಂಥ ಹೇರ್‌ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡು ವಾಚು ಮುಂದೆ ಓಡುತ್ತೆ. ಆಮೇಲೆ ಸರ್, ಹುಡುಗ, ನಾನು ಮೂವರೂ ಟಾರ್ಚ್ ಹಿಡಿದು ಮೇಜಿನ ಕೆಳಗೆ ಕೂತೆವು. ಬರಹ ಶುರುವಾಗಿದ್ದು ಆ ‘ಬೇಡಾ!’ದಿಂದ. ಅವರು ಎಲ್ಲಿ ಓದಿದರು, ಎಷ್ಟು ವರ್ಷ ಪಾಠ ಮಾಡಿದರು ಅಂತ ಒಂದು ಸಾಲೂ ಹಾಕಲಿಲ್ಲ.

ಇತಿಹಾಸದ ಮೇಡಂ ಇನ್ನೂ ಚೆನ್ನಾಗಿ ಸಿಕ್ಕರು. ಚೆನ್ನಾಗಿ ಬರೆದ ಉತ್ತರಪತ್ರಿಕೆಯ ಕೆಳಗೆ ಅವರು ಕೆಂಪು ಶಾಯಿಯಲ್ಲಿ 73 ಅಂತ ಬರೆಯುತ್ತಿದ್ದರು. ಎಂಬತ್ತು ಬಂದ ಹುಡುಗಿಯೊಬ್ಬಳು ಏಳು ಅಂಕ ಎಲ್ಲಿ ಹೋಯಿತು ಅಂತ ಕೇಳೋಕೆ ಹೋದಳು. ಆಗ ಗೊತ್ತಾಯಿತು, ಮೇಡಂ ಹ್ಯಾಮ್ ರೇಡಿಯೊ, ಅಂದರೆ ಹವ್ಯಾಸಕ್ಕಾಗಿ ರೇಡಿಯೊದಲ್ಲಿ ದೂರದವರ ಜೊತೆ ಮಾತಾಡುವ, ಪರವಾನಗಿ ಇರುವವರು ಅಂತ. ತಂತಿ ಕಳಿಸುವ ಕಾಲದಿಂದ ಬಂದ ಸಂಕೇತದಲ್ಲಿ 73 ಅಂದರೆ ಶುಭ ಹಾರೈಕೆ. ಮೋರ್ಸ್ ಅನ್ನುವ ಚುಕ್ಕೆ-ಗೆರೆಯ ಲಿಪಿಯಲ್ಲಿ ಅದನ್ನು ಬರೆದು ತೋರಿಸಿದರು: ಎರಡು ಗೆರೆ, ಮೂರು ಚುಕ್ಕೆ, ಮತ್ತೆ ಮೂರು ಚುಕ್ಕೆ, ಎರಡು ಗೆರೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಮರುದಿನ ಒಂದು ಬೂಟಿನ ಡಬ್ಬಿಯ ತುಂಬಾ ಕ್ಯೂಎಸ್‌ಎಲ್ ಕಾರ್ಡ್ ತಂದರು. ಇಬ್ಬರು ಮಾತಾಡಿದ್ದು ನಿಜ ಅಂತ ಖಚಿತ ಮಾಡೋಕೆ ಹ್ಯಾಮ್‌ಗಳು ಒಬ್ಬರಿಗೊಬ್ಬರು ಕಳಿಸಿಕೊಳ್ಳುವ ಕಾರ್ಡುಗಳು ಅವು. ‘ಕಾಟ ಯಾವಾಗ?’ ಅಂದೆ. ಸಿಗ್ನಲ್ ಚೆನ್ನಾಗಿ ಸಿಗುವ ಹೊತ್ತಿಗೆ ಸರಿಯಾಗಿ ಪೇಪರ್ ತಿದ್ದುವ ರಾಶಿ ಎದುರಿಗಿರುತ್ತೆ ಅಂದರು. ಆ ಸಂಚಿಕೆ ಬಂದ ಮೇಲೆ 73 ಸಿಗಬೇಕು ಅಂತಲೇ ಓದಿದ ಮಕ್ಕಳು ಇದ್ದಾರೆ. ಇದನ್ನು ನಾನು ಹೆಮ್ಮೆಯಿಂದಲೇ ಹೇಳುತ್ತೇನೆ.

ಬರೆಯುವಾಗ ನಾನು ಪಾಲಿಸುವುದು ಇಷ್ಟು. ಮುನ್ನೂರು ಪದದ ಒಳಗೆ ಮುಗಿಸುವುದು. ಮೊದಲ ಸಾಲಿನಲ್ಲಿ ಏನಾದರೂ ನಡೆಯುತ್ತಿರಬೇಕು. ನಗು ಬರಬೇಕಾದದ್ದು ಆ ಸಾಮಾನು ಕೊಡುವ ಕಾಟದ ಮೇಲೆ, ಮನುಷ್ಯನ ಮೇಲೆ ಬೀಳಬಾರದು. ಅಚ್ಚಿಗೆ ಮುಂಚೆ ಮೇಷ್ಟ್ರಿಗೆ ತೋರಿಸುತ್ತೇನೆ. ಅವರು ಏನು ಬೇಕಾದರೂ ಹೊಡೆದು ಹಾಕಬಹುದು, ಸೇರಿಸುವ ಹಾಗಿಲ್ಲ. ಸೇರಿಸೋಕೆ ಬಿಟ್ಟರೆ ಮತ್ತೆ ‘ಮಕ್ಕಳಿಗೆ ಸಂದೇಶ’ ಬಂದು ಕೂರುತ್ತೆ. ಮಾತಿಗೆ ಇಪ್ಪತ್ತು ನಿಮಿಷ ಸಾಕು. ಏಳುವ ಹೊತ್ತಿಗೆ ನಾನು ಒಂದು ಕೊನೇ ಪ್ರಶ್ನೆ ಕೇಳುತ್ತೇನೆ. ಬರಹದ ಕೊನೆಯ ಸಾಲು ಮುಕ್ಕಾಲು ಪಾಲು ಅದರಿಂದಲೇ ಬರುತ್ತೆ. ಅದು ಯಾವುದು ಅಂತ ಇಲ್ಲಿ ಹೇಳುವುದಿಲ್ಲ. ಹೇಳಿದರೆ ನಮ್ಮ ಸ್ಟಾಫ್ ರೂಮಿನಲ್ಲಿ ಉಳಿದವರು ಉತ್ತರ ರೆಡಿ ಮಾಡಿಕೊಂಡು ಬರುತ್ತಾರೆ.

ಫೋಟೊ ವಿಷಯಕ್ಕೆ ಬಂದರೆ, ಬಣ್ಣ ಬಿಟ್ಟು ಫೋಟೊಕಾಪಿಗೆ ಇಳಿದೆ. ಮುಖದ ಫೋಟೊ ಫೋಟೊಕಾಪಿಯಲ್ಲಿ ಮಸಿಯಾಗುತ್ತೆ, ಅದು ನಿಮಗೂ ಗೊತ್ತಿರುವ ಕಥೆ. ಸಾಮಾನನ್ನು ಬಿಳಿ ಹಾಳೆ ಮೇಲಿಟ್ಟು, ಕಿಟಕಿ ಪಕ್ಕದ ಬೆಳಕಿನಲ್ಲಿ, ಮೇಷ್ಟ್ರ ಕೈ ಸೇರಿಸಿ ಮೇಲಿಂದ ತೆಗೆದರೆ ಕಪ್ಪು ಬಿಳುಪಿನಲ್ಲೂ ನೀಟಾಗಿ ಬರುತ್ತೆ. ಫ್ಲ್ಯಾಶ್ ಬೇಡ. ಕಾಪಿ ಹಾಕುವ ಮುಂಚೆ ಕಾಂಟ್ರಾಸ್ಟ್ ಸ್ವಲ್ಪ ಹೆಚ್ಚಿಸಬೇಕು, ಎಷ್ಟು ಅನ್ನುವುದು ನಿಮ್ಮ ಮಶಿನ್ ನೋಡಿ. ಖರ್ಚು ಹಿಂದಿನದರ ಕಾಲು ಭಾಗಕ್ಕೆ ಇಳಿಯಿತು, ನೆನಪಿನಿಂದ ಹೇಳುತ್ತಿದ್ದೇನೆ.

ಅನುಮಾನದವರು ಆಗಲೂ ಸುಮ್ಮನಿರಲಿಲ್ಲ. ‘ಆಟ ಪಾಟದ ಸುದ್ದಿ ಬರೆದರೆ ಮೇಷ್ಟ್ರ ಗೌರವ ಎಲ್ಲಿ ಉಳಿಯುತ್ತೆ?’ ಅನ್ನುವುದು ಅವರ ಮಾತು. ಬಾಯಲ್ಲಿ ವಾದ ಮಾಡುವ ಬದಲು ಪುಟದ ಮೂಲೆಯಲ್ಲಿ ಒಂದು ಪುಟ್ಟ ಬಾಕ್ಸ್ ಶುರು ಮಾಡಿದೆ: ಹಿಂದಿನ ಕಾಲದ ಮೇಷ್ಟ್ರುಗಳು. ಮೊದಲು ಬಂದವರು ಯೋಹಾನ್ ಬಾಲ್ಮರ್. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಹುಡುಗಿಯರ ಶಾಲೆಯ ಗಣಿತದ ಮೇಷ್ಟ್ರು, ಸಂಖ್ಯೆಗಳ ಜೊತೆ ಆಡುವುದು ಅವರಿಗೆ ಪ್ರಾಣ. 1885ರಲ್ಲಿ, ಅರವತ್ತರ ವಯಸ್ಸಿನಲ್ಲಿ, ಹೈಡ್ರೋಜನ್ ಅನಿಲದ ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸಿದಾಗ ಕಾಣುವ ನಾಲ್ಕು ಗೆರೆಗಳ ಅಳತೆ ಹಿಡಿದು ಕೂತು 9/5, 16/12, 25/21, 36/32 ಅನ್ನುವ ಭಿನ್ನರಾಶಿಗಳಲ್ಲಿ ಅವನ್ನು ಕೂರಿಸಿದರು. ಮೇಲಿನ ಸಂಖ್ಯೆಗಳು ಮೂರು, ನಾಲ್ಕು, ಐದು, ಆರರ ವರ್ಗ. ಕೆಳಗಿನವು ಅದರಲ್ಲಿ ನಾಲ್ಕು ಕಳೆದರೆ ಬರುವವು. ಮುಂದೆ ಭೌತವಿಜ್ಞಾನಿ ನೀಲ್ಸ್ ಬೋರ್ ಪರಮಾಣುವಿನ ಚಿತ್ರ ಕಟ್ಟಿದಾಗ ಈ ಸೂತ್ರ ಅದರೊಳಗೆ ಸರಿಯಾಗಿ ಕೂತಿತು. ಎರಡನೆಯವರು ಹರ್ಮನ್ ಗ್ರಾಸ್‌ಮನ್, ಸ್ಟೆಟಿನ್ ಊರಿನ ಹೈಸ್ಕೂಲ್ ಮೇಷ್ಟ್ರು. 1844ರಲ್ಲಿ ಗಣಿತದ ಪುಸ್ತಕ ಬರೆದರು, ಹೆಚ್ಚುಕಮ್ಮಿ ಯಾರೂ ಕೊಳ್ಳಲಿಲ್ಲ, ಉಳಿದ ಪ್ರತಿಗಳಲ್ಲಿ ಹೆಚ್ಚಿನವು ರದ್ದಿಗೆ ಹೋದವು. ಮನುಷ್ಯ ಸಂಸ್ಕೃತದ ಕಡೆ ತಿರುಗಿ ಋಗ್ವೇದಕ್ಕೆ ಜರ್ಮನ್‌ನಲ್ಲಿ ಪದಕೋಶ ಮಾಡಿದರು, 1876-77ರಲ್ಲಿ ಅನುವಾದವನ್ನೂ ತಂದರು. ಮೂರನೆಯ ಬಾಕ್ಸಿನಲ್ಲಿ ಕಾರ್ಲ್ ವಯರ್‌ಸ್ಟ್ರಾಸ್. ಅಷ್ಟು ದೊಡ್ಡ ಗಣಿತಜ್ಞ, ಶಾಲೆಯಲ್ಲಿದ್ದಾಗ ಮಕ್ಕಳಿಗೆ ಅಕ್ಷರ ದುಂಡಗೆ ಬರೆಯುವುದನ್ನೂ ಕಸರತ್ತನ್ನೂ ಕಲಿಸುತ್ತಿದ್ದರು. ಇದನ್ನು ಓದಿದ ನಮ್ಮ ಪಿ.ಟಿ. ಸರ್ ಬಾಕ್ಸನ್ನು ಕತ್ತರಿಸಿ ತಮ್ಮ ಬೀರುವಿಗೆ ಅಂಟಿಸಿದರು. ಗೌರವದ ಮಾತು ಎತ್ತಿದ್ದವರಲ್ಲಿ ಒಬ್ಬರು ಕೆಲವು ವಾರದ ನಂತರ ತಾವಾಗಿ ನನ್ನ ಮೇಜಿನ ಮೇಲೆ ಹಳೇ ಅಂಚೆಚೀಟಿಯ ಆಲ್ಬಮ್ ತಂದಿಟ್ಟರು.

ಪಿ.ಟಿ. ಸರ್ ಮಾತು ಬಂತಲ್ವಾ, ಅವರ ಸಾಮಾನು ಕ್ರೋಶಾ ಕಡ್ಡಿ, ದಾರ ಹೆಣೆಯುವ ಕೊಕ್ಕೆ. ವಿಸಿಲ್ ಜೊತೆ ಒಂದೇ ಜೇಬಿನಲ್ಲಿರುತ್ತೆ. ಹೊಲಿಗೆ ಎಣಿಸುವಾಗ ಯಾರಾದರೂ ಮಾತಾಡಿಸಿದರೆ ಲೆಕ್ಕ ತಪ್ಪುತ್ತೆ, ಅದೇ ಅವರ ಕಾಟ. ಗಣಿತದ ಸರ್ ಆ ಬರಹ ಓದಿ ಸೀದಾ ಅವರ ಹತ್ತಿರ ಹೋದರು. ಪ್ರತಿ ಸಾಲಿನಲ್ಲೂ ನಾಲ್ಕೈದು ಹೊಲಿಗೆಗೆ ಒಂದು ಹೊಲಿಗೆ ಜಾಸ್ತಿ ಹಾಕುತ್ತಾ ಹೋದರೆ ಬಟ್ಟೆ ಚಪ್ಪಟೆಯಾಗಿ ಕೂರುವುದಿಲ್ಲ, ಅಂಚು ಅಲೆ ಅಲೆಯಾಗಿ ಏಳುತ್ತೆ. 1997ರಲ್ಲಿ ಡೈನಾ ತೈಮಿನಾ ಅನ್ನುವ ಗಣಿತಜ್ಞೆ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಹೈಪರ್ಬೋಲಿಕ್ ಜ್ಯಾಮಿತಿಯ, ಅಂದರೆ ಹೀಗೆ ಅಲೆಯಾಗಿ ಬಾಗಿದ ಮೇಲ್ಮೈಯ ಜ್ಯಾಮಿತಿಯ, ಮಾದರಿಯನ್ನು ಹೀಗೇ ಹೆಣೆದು ಮಾಡಿದ್ದು. ನಮ್ಮಲ್ಲಿ ಪಿ.ಟಿ. ಸರ್ ಹೆಣೆದರು, ಗಣಿತದ ಸರ್ ಅದರ ಮೇಲೆ ದಾರದಲ್ಲಿ ಗೆರೆ ಹಾಕಿ ಒಂದು ರೇಖೆಗೆ, ಅದರ ಹೊರಗಿನ ಒಂದು ಬಿಂದುವಿನ ಮೂಲಕ ಹಲವು ಸಮಾಂತರ ರೇಖೆ ಹೋಗುವುದನ್ನು ಕ್ಲಾಸಿನಲ್ಲಿ ತೋರಿಸಿದರು. ಪತ್ರಿಕೆಯ ಒಂದು ಬರಹದಿಂದ ಇಬ್ಬರು ಮೇಷ್ಟ್ರು ಸೇರಿ ಪಾಠ ಮಾಡಿದ್ದು ನಾನು ಬೇರೆಲ್ಲೂ ನೋಡಿಲ್ಲ.

ಪಕ್ಕದ ಪ್ರಯೋಗಗಳಲ್ಲಿ ಎಲ್ಲವೂ ನಿಲ್ಲಲಿಲ್ಲ. ಮಾತನ್ನು ರೆಕಾರ್ಡ್ ಮಾಡಿ ಕೇಳಿಸಿದೆ, ಮೈಕ್ ನೋಡಿದ ಕೂಡಲೇ ಎಲ್ಲರಿಗೂ ಭಾಷಣದ ದನಿ ಬಂತು. ಒಬ್ಬ ಮೇಷ್ಟ್ರ ಬಗ್ಗೆ ಇನ್ನೊಬ್ಬರಿಂದ ಬರೆಸಿದೆ, ಬರೀ ಹೊಗಳಿಕೆ ಬಂತು. ಚೆನ್ನಾಗಿ ನಡೆದಿದ್ದು ನೋಟಿಸ್ ಬೋರ್ಡ್. ಸಂಚಿಕೆಗೆ ಒಂದು ವಾರ ಮುಂಚೆ ಸಾಮಾನಿನ ಫೋಟೊ ಮಾತ್ರ ಹೆಸರಿಲ್ಲದೆ ಅಂಟಿಸಿ ‘ಇದು ಯಾರದ್ದು?’ ಅಂತ ಬರೆಯುತ್ತೇವೆ. ಕ್ರೋಶಾ ಕಡ್ಡಿಗೆ ಬಂದ ಚೀಟಿಗಳಲ್ಲಿ ಪಿ.ಟಿ. ಸರ್ ಹೆಸರು ಬರೆದವರು ಇಬ್ಬರೋ ಮೂವರೋ ಇದ್ದರು. ಉಳಿದವರಿಗೆಲ್ಲ ಸಂಚಿಕೆ ಬರುವ ತನಕ ತಡೆಯೋಕಾಗಲಿಲ್ಲ.

ಹೋದ ದುಡ್ಡು ಬಂದಿದ್ದು ಹಳೇ ವಿದ್ಯಾರ್ಥಿಗಳಿಂದ. ವರ್ಷದ ಕೊನೆಗೆ ಎಲ್ಲ ಬರಹಗಳನ್ನು ಸೇರಿಸಿ ಒಂದು ಪುಸ್ತಿಕೆ ಮಾಡಿದೆ. ಮೊದಲೇ ದುಡ್ಡು ಕೊಟ್ಟವರಿಗೆ ಮಾತ್ರ ಪ್ರತಿ ಅಂತ ಹೇಳಿದ್ದೆ, ಅಚ್ಚಿಗೆ ಹೋಗುವ ಮುಂಚೆಯೇ ನೂರರ ಆಸುಪಾಸು ಹೆಸರು ಬಂದವು. ಮೇಷ್ಟ್ರುಗಳು ತಮ್ಮ ಮನೆಯವರಿಗೆ ಅಂತ ಎರಡೆರಡು ತಗೊಂಡರು. ಜೇಬಿನಿಂದ ಹಾಕಿದ್ದು ಪೂರ್ತಿ ವಾಪಸ್ ಬಂತು, ಮೇಲೆ ಒಂದಿಷ್ಟು ಉಳಿಯಿತು. ಆ ಉಳಿಕೆಯಲ್ಲಿ ಮುಂದಿನ ವರ್ಷದ ಕಾಗದ ಕೊಂಡಿಟ್ಟಿದ್ದೇನೆ. ಇನ್ನು ಲ್ಯಾಬ್ ಅಟೆಂಡರ್, ಲೈಬ್ರರಿಯವರು, ಆಫೀಸಿನವರ ಸರದಿ. ಲ್ಯಾಬ್ ಅಟೆಂಡರ್ ಸೋಮವಾರ ಏನೋ ಒಂದು ತರ್ತೀನಿ ಅಂದಿದ್ದಾರೆ, ಏನು ಅಂತ ಹೇಳಿಲ್ಲ.