ಶನಿವಾರ ಬಟ್ಟಲು, ರವಿವಾರ ಐಸ್‌ಕ್ರೀಮ್

ಹೋಳಿಗೆಂದು ಊರಿಗೆ ಬಂದ ಮಗ ಅಡುಗೆಮನೆಯ ಕಟ್ಟೆಯ ಮೇಲೆ ಒಂದು ರಟ್ಟಿನ ಪೆಟ್ಟಿಗೆ ಇಟ್ಟು, "ಅವ್ವಾ, ಇನ್ನು ಐಸ್‌ಕ್ರೀಮಿಗೆ ಅಂಗಡಿಗೆ ಹೋಗಬೇಕಾಗಿಲ್ಲ" ಎಂದ. ಒಳಗಿದ್ದದ್ದು ಒಂದು ಲೀಟರಿನ ಪುಟ್ಟ ಐಸ್‌ಕ್ರೀಮ್ ಯಂತ್ರ. ಬಾಗಲಕೋಟೆಯ ಹೋಳಿ ಎಂದರೆ ಮೂರು ದಿನ ಬಣ್ಣದ ಬಂಡಿ. ಮೊಮ್ಮಕ್ಕಳು ಕಿವಿಯವರೆಗೂ ಬಣ್ಣ ಮೆತ್ತಿಕೊಂಡು ಬಂದು ಯಂತ್ರದ ಸುತ್ತ ನಿಂತವು. ನಾನೂ ಉಮೇದಿನಲ್ಲಿ ಅರ್ಧ ಲೀಟರ್ ಹಾಲು ಕಾಯಿಸಿ, ಸಕ್ಕರೆ ಹಾಕಿ, ಉಗುರುಬೆಚ್ಚಗಿರುವಾಗಲೇ ಸುರಿದು ಗುಂಡಿ ಒತ್ತಿದೆ. ನಲವತ್ತು ನಿಮಿಷ ತಿರುಗಿತು. ಸಿಕ್ಕಿದ್ದು ಸಿಹಿ ಹಾಲು. ಮಕ್ಕಳು ಅದನ್ನೇ ಲೋಟದಲ್ಲಿ ಕುಡಿದು ಮತ್ತೆ ಬಣ್ಣಕ್ಕೆ ಓಡಿದವು. ಸಣ್ಣವನು ಮಾತ್ರ ಬಾಗಿಲಲ್ಲಿ ನಿಂತು, "ಆಯಿ, ಇದು ಕರಗಿದ ಐಸ್‌ಕ್ರೀಮ್" ಎಂದು ತೀರ್ಪು ಕೊಟ್ಟು ಹೋದ.

ಈ ಬಗೆಯ ಸಣ್ಣ ಯಂತ್ರ ತಾನಾಗಿ ಯಾವುದನ್ನೂ ತಂಪು ಮಾಡುವುದಿಲ್ಲ ಎಂಬುದು ಆ ದಿನ ನನಗೆ ಗೊತ್ತಿರಲಿಲ್ಲ. ಮೋಟಾರಿಗೆ ತಿರುಗಿಸುವುದೊಂದೇ ಕೆಲಸ. ತಂಪು ಇರುವುದು ಬಟ್ಟಲಿನಲ್ಲಿ. ಅದಕ್ಕೆ ಎರಡು ಗೋಡೆಗಳಿದ್ದು, ನಡುವೆ ಹೆಪ್ಪುಗಟ್ಟುವ ದ್ರವ ತುಂಬಿ ಮುಚ್ಚಿರುತ್ತಾರೆ. ಬಟ್ಟಲನ್ನು ಇಡೀ ಒಂದು ದಿನ ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಇಟ್ಟಾಗ ಮಾತ್ರ ಆ ದ್ರವ ಕಲ್ಲಾಗಿ, ಮರುದಿನ ಹಾಲಿನ ಕಾವನ್ನು ಹೀರಿಕೊಳ್ಳುತ್ತದೆ. ಹೀರುವ ಶಕ್ತಿ ಅರ್ಧ ಗಂಟೆಯದು, ಹೆಚ್ಚೆಂದರೆ ನಲವತ್ತು ನಿಮಿಷದ್ದು. ಆಮೇಲೆ ಎಷ್ಟು ತಿರುಗಿಸಿದರೂ ಕರಗುವುದೇ ಹೊರತು ಗಟ್ಟಿಯಾಗುವುದಿಲ್ಲ.

ನಿಜ ಹೇಳಬೇಕೆಂದರೆ ಇದು ನನಗೆ ಹೊಳೆಯಬೇಕಿತ್ತು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬರುವ ಮೊದಲು ಹಳೆ ಬಾಗಲಕೋಟೆಯ ನಮ್ಮ ಮನೆಯಲ್ಲಿ ಕಟ್ಟಿಗೆಯ ಐಸ್‌ಕ್ರೀಮ್ ಪಾಟ್ ಇತ್ತು. ಹೊರಗೆ ಮರದ ಬಕೆಟ್, ಒಳಗೆ ತಗಡಿನ ಡಬ್ಬಿ, ಮೇಲೆ ಹಲ್ಲುಗಾಲಿ, ಪಕ್ಕಕ್ಕೆ ಹಿಡಿಕೆ. ಗೋಣಿಚೀಲದಲ್ಲಿ ಸುತ್ತಿ ತಂದ ಬರ್ಫದ ಗಡ್ಡೆಯನ್ನು ಒನಕೆಯಿಂದ ಜಜ್ಜಿ, ಡಬ್ಬಿಯ ಸುತ್ತ ಒಂದು ಪದರ ಬರ್ಫ, ಒಂದು ಹಿಡಿ ಹರಳುಪ್ಪು ಎಂದು ತುಂಬುತ್ತಿದ್ದೆವು. ಬರ್ಫ ತಾನಾಗಿ ಕರಗಿದರೆ ಸೊನ್ನೆ ಡಿಗ್ರಿ. ಉಪ್ಪು ಸೇರಿದರೆ ಸೊನ್ನೆಗಿಂತ ಎಷ್ಟೋ ಕೆಳಗೆ ಇಳಿಯುತ್ತದೆ, ಅದಕ್ಕೇ ಹಾಲು ಹೆಪ್ಪುಗಟ್ಟುತ್ತದೆ. ಕೈಯಿಂದ ತಿರುಗಿಸುವ ಈ ಉಪಾಯಕ್ಕೆ 1843ರಲ್ಲಿ ಅಮೆರಿಕದ ನ್ಯಾನ್ಸಿ ಜಾನ್ಸನ್ ಎಂಬ ಹೆಣ್ಣುಮಗಳು ಪೇಟೆಂಟ್ ಪಡೆದಿದ್ದಳಂತೆ; ಮೊಮ್ಮಗಳು ಮೊಬೈಲಿನಲ್ಲಿ ಹುಡುಕಿ ತೋರಿಸಿದಳು. ಆದರೆ ನಮ್ಮ ಮನೆಯಲ್ಲಿ ಹಿಡಿಕೆ ತಿರುಗಿಸುತ್ತಿದ್ದವರು ಕಾಕಾ, ಬನಿಯನ್ ತೊಯ್ಯುವವರೆಗೂ. ಮುಚ್ಚಳದ ಸಂದಿಯಿಂದ ಉಪ್ಪುನೀರು ಒಳಗೆ ಹೋದರೆ ಇಡೀ ಪಾಟ್ ಹಾಳು, ಜೊತೆಗೆ ಬೈಗುಳ. ಈಗಿನ ಬಟ್ಟಲಿನ ಗೋಡೆಯೊಳಗಿನ ದ್ರವವೇ ಅಂದಿನ ಬರ್ಫ ಮತ್ತು ಉಪ್ಪು. ಬರ್ಫ ತರದೆ ಪಾಟ್ ತಿರುಗಿಸಲು ಕುಳಿತರೆ ಏನಾಗುತ್ತಿತ್ತೋ, ಹೋಳಿಯ ದಿನ ನನಗೆ ಆದದ್ದು ಅದೇ.

ಆದ್ದರಿಂದ ಯಂತ್ರ ಕೊಳ್ಳುವ ಮೊದಲು ನಿಮ್ಮ ಫ್ರಿಜ್ ಬಾಗಿಲು ತೆಗೆದು ನೋಡಿ. ಅಳತೆಪಟ್ಟಿ ಹಿಡಿದು ಫ್ರೀಜರಿನ ಎತ್ತರ ಅಳೆಯಿರಿ. ಬಟ್ಟಲು ನೆಟ್ಟಗೆ ನಿಲ್ಲಬೇಕು. ಒಂದೇ ಬಾಗಿಲಿನ ಹಳೆಯ ಫ್ರಿಜ್ ಆದರೆ ಇನ್ನೊಂದು ಪರೀಕ್ಷೆ ಮಾಡಿ: ಅಂಗಡಿಯ ಐಸ್‌ಕ್ರೀಮನ್ನು ಅದರಲ್ಲಿ ರಾತ್ರಿಯಿಡೀ ಇಟ್ಟು ಬೆಳಿಗ್ಗೆ ಚಮಚ ಚುಚ್ಚಿ. ಸಲೀಸಾಗಿ ಇಳಿದರೆ ಆ ಫ್ರೀಜರ್ ಬಟ್ಟಲಿಗೆ ಸಾಲದು. ಅಂಥವರು ಒಳಗೇ ಕಂಪ್ರೆಸರ್ ಇರುವ ಯಂತ್ರ ಕೊಳ್ಳಬೇಕು. ಅದು ತಾನೇ ತಂಪು ಮಾಡಿಕೊಳ್ಳುತ್ತದೆ, ಆದರೆ ಭಾರ, ಬೆಲೆ ಎರಡೂ ಹಲವು ಪಟ್ಟು. ತಿಂಗಳಿಗೆ ಎರಡು ಸಲ ಐಸ್‌ಕ್ರೀಮ್ ತಿನ್ನುವ ಮನೆಗೆ ಅದು ದಂಡ.

ಬಟ್ಟಲು ಸಿದ್ಧವಾಗಿದೆಯೋ ಇಲ್ಲವೋ ತಿಳಿಯಲು ಅದನ್ನು ಕಿವಿಯ ಬಳಿ ಹಿಡಿದು ಅಲುಗಾಡಿಸಿ. ಒಳಗೆ ಗುಳುಗುಳು ಎಂದರೆ ಮತ್ತೆ ಫ್ರೀಜರಿಗೆ ಇಡಿ. ಅಲುಗಾಡಿಸುವಾಗ ಕೈ ಒದ್ದೆಯಿರಬಾರದು, ಚರ್ಮ ಅಂಟಿಕೊಳ್ಳುತ್ತದೆ. ಇಡುವ ಮೊದಲು ಬಟ್ಟಲನ್ನು ಒಣಬಟ್ಟೆಯಿಂದ ಚೆನ್ನಾಗಿ ಒರೆಸಿರಬೇಕು. ಉಳಿದ ಹನಿ ನೀರು ಬರ್ಫವಾಗಿ ಗೋಡೆಗೆ ಕಚ್ಚಿದರೆ ತಿರುಗುವ ರೆಕ್ಕೆ ಅದಕ್ಕೆ ತಾಗಿ ಕಟಕಟ ಎನ್ನುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ನವನಗರದ ಅಡುಗೆಮನೆ ಮಧ್ಯಾಹ್ನ ಒಲೆ ಹಚ್ಚದೆಯೂ ಒಲೆಯೇ. ಆ ಹೊತ್ತಿನಲ್ಲಿ ಮಾಡಲು ಹೋಗಬೇಡಿ. ನಾನು ಬೆಳಿಗ್ಗೆ ಆರೂವರೆಗೆ, ಚಹಾ ಆದ ಕೂಡಲೇ ತಿರುಗಿಸಿ ಮುಗಿಸುತ್ತೇನೆ. ರಾತ್ರಿ ಕರೆಂಟ್ ಎರಡು ಮೂರು ತಾಸು ಹೋಗಿದ್ದರೆ ಆ ದಿನದ ಐಸ್‌ಕ್ರೀಮ್ ಮರುದಿನಕ್ಕೆ.

ಇನ್ನು ಹಾಲು. ಎಮ್ಮೆಯ ಹಾಲು ಸಿಗುವ ನಮಗೆ ಇದರಲ್ಲಿ ಅನುಕೂಲವಿದೆ. 600 ಮಿಲಿಲೀಟರ್ ಹಾಲನ್ನು ದಪ್ಪ ತಳದ ಪಾತ್ರೆಯಲ್ಲಿ 400ಕ್ಕೆ ಇಳಿಯುವವರೆಗೆ ಕಾಯಿಸುತ್ತೇನೆ. ಒಂದು ಚಿಕ್ಕ ಚಮಚ ಕಾರ್ನ್‌ಫ್ಲೋರನ್ನು ತಣ್ಣನೆಯ ಹಾಲಿನಲ್ಲಿ ಕದಡಿ ಸುರಿದು ಎರಡು ನಿಮಿಷ ಕುದಿಸಬೇಕು, ಇಲ್ಲದಿದ್ದರೆ ಹಿಟ್ಟಿನ ವಾಸನೆ ನಿಲ್ಲುತ್ತದೆ. ಎರಡು ದೊಡ್ಡ ಚಮಚ ಹಾಲಿನ ಪುಡಿ, 90 ಗ್ರಾಂ ಸಕ್ಕರೆ (ಮಟ್ಟವಾಗಿ ಏಳು ದೊಡ್ಡ ಚಮಚ), ಚಿಟಿಕೆ ಉಪ್ಪು. ಆರಿದ ಮೇಲೆ 100 ಮಿಲಿಲೀಟರ್ ಪೊಟ್ಟಣದ ಕ್ರೀಮ್. ಐಸ್‌ಕ್ರೀಮ್ ಎಂದು ಮಾರಬೇಕಾದರೆ ಹಾಲಿನ ಕೊಬ್ಬು ಶೇಕಡಾ 10 ಇರಬೇಕೆಂದು ನಮ್ಮ ದೇಶದಲ್ಲಿ ನಿಯಮವಿದೆ. ಎಣ್ಣೆಯಿಂದ ಮಾಡಿದ್ದರೆ ಡಬ್ಬಿಯ ಮೇಲೆ ಫ್ರೋಜನ್ ಡೆಸರ್ಟ್ ಎಂದು ಬರೆಯಬೇಕು. ಮೇಲಿನ ಅಳತೆಯನ್ನು ಮಗ ಲೆಕ್ಕ ಹಾಕಿ ನೋಡಿದ. ಹೆಚ್ಚುಕಡಿಮೆ ಹತ್ತಕ್ಕೇ ಬರುತ್ತದೆ.

ಕ್ರೀಮಿಗೆ ದುಡ್ಡು ಯಾಕೆ, ಮನೆಯ ಕೆನೆ ಇದೆಯಲ್ಲ ಎಂದು ನಾನೂ ಜಾಣತನ ಮಾಡಿ ನೋಡಿದ್ದೇನೆ. ಒಂದು ವಾರ ಕೂಡಿಟ್ಟ ಕೆನೆಯನ್ನು ಮಿಕ್ಸರಿನಲ್ಲಿ ತಿರುವಿ ಹಾಕಿದೆ. ಯಂತ್ರ ಹದಿನೈದು ನಿಮಿಷ ತಿರುಗುವಷ್ಟರಲ್ಲಿ ರೆಕ್ಕೆಗೆ ಬಿಳಿ ಕಾಳುಗಳು ಹತ್ತಿದವು. ಕಡಗೋಲು ಹಿಡಿದು ಹುಟ್ಟಿ ಬೆಳೆದವಳಿಗೆ ಅದೇನೆಂದು ಯಾರೂ ಹೇಳಬೇಕಾಗಿರಲಿಲ್ಲ: ಬೆಣ್ಣೆ! ಕಡೆಯುವುದೆಂದರೆ ಕಡೆಯುವುದೇ, ಮಜ್ಜಿಗೆಯ ಗಡಿಗೆಯಾದರೇನು, ಈ ಪ್ಲಾಸ್ಟಿಕ್ ಬಟ್ಟಲಾದರೇನು. ತಿನ್ನುವಾಗ ಅಂಗುಳಕ್ಕೆ ಜಿಡ್ಡು ಮೆತ್ತಿಕೊಂಡಿತು, ಹಳೆಯ ಕೆನೆಯ ಹುಳಿಯೂ ಇತ್ತು. ಮನೆಯ ಕೆನೆಯೇ ಬೇಕೆಂದರೆ ಅಂದೇ ತೆಗೆದದ್ದು ಎರಡು ಚಮಚ ಹಾಕಿ, ಸೋಸಿ, ಪೂರ್ತಿ ತಂಪು ಮಾಡಿ.

ಸಕ್ಕರೆಯ ವಿಷಯದಲ್ಲಿ ಆರೋಗ್ಯದ ಮಾತು ತೆಗೆದು ಅರ್ಧ ಮಾಡಬೇಡಿ. ಸಕ್ಕರೆ ಸಿಹಿಗಷ್ಟೇ ಇರುವುದಲ್ಲ, ಐಸ್‌ಕ್ರೀಮ್ ಮೆತ್ತಗಿರುವುದೂ ಅದರಿಂದಲೇ. ಕಡಿಮೆಯಾದರೆ ಕಲ್ಲು, ಹೆಚ್ಚಾದರೆ ಗಟ್ಟಿಯಾಗುವುದೇ ಇಲ್ಲ. ತಣ್ಣಗಾದಾಗ ನಾಲಿಗೆಗೆ ಸಿಹಿ ಕಡಿಮೆ ಗೊತ್ತಾಗುವುದರಿಂದ ಹಾಲನ್ನು ರುಚಿ ನೋಡಿದಾಗ ಒಂದು ಚೂರು ಅತಿ ಸಿಹಿ ಅನ್ನಿಸಬೇಕು. ನಮ್ಮ ಮನೆಯವರಿಗೆ ಸಕ್ಕರೆ ಕಾಯಿಲೆ. ಅವರಿಗೆ ಎರಡು ಚಮಚ ಕೊಟ್ಟು ಸುಮ್ಮನಿರಿಸುತ್ತೇನೆ, ಅಷ್ಟೇ.

ಹೀಗೆ ಸಿದ್ಧವಾದ ಹಾಲು ರಾತ್ರಿಯಿಡೀ ಫ್ರಿಜ್ಜಿನ ಕೆಳಭಾಗದಲ್ಲಿ ಮುಚ್ಚಿದ ಪಾತ್ರೆಯಲ್ಲಿ ಇರಬೇಕು. ತಣ್ಣಗಿನ ಹಾಲು ಹಾಕಿದರೆ ಬಟ್ಟಲಿನ ತಂಪು ಹಾಲನ್ನು ಆರಿಸುವುದಕ್ಕೇ ಖರ್ಚಾಗುವುದಿಲ್ಲ. ಕೊಬ್ಬೂ ಒಳಗೊಳಗೆ ಬಿಗಿದುಕೊಂಡು ಐಸ್‌ಕ್ರೀಮಿಗೆ ಮೈ ಬರುತ್ತದೆ. ಬೆಳಿಗ್ಗೆ ಮೊದಲು ಯಂತ್ರ ಚಾಲೂ ಮಾಡಿ, ರೆಕ್ಕೆ ತಿರುಗುತ್ತಿರುವಾಗಲೇ ಮೇಲಿನ ತೂತಿನಿಂದ ಹಾಲು ಸುರಿಯಿರಿ. ಸುರಿದ ಮೇಲೆ ಗುಂಡಿ ಒತ್ತಿದರೆ ಹಾಲು ಗೋಡೆಗೆ ಹೆಪ್ಪುಗಟ್ಟಿ ರೆಕ್ಕೆಯನ್ನು ಹಿಡಿದು ನಿಲ್ಲಿಸುತ್ತದೆ, ಮೋಟಾರ್ ಗುಂಯ್ ಎಂದು ಬಿಸಿಯಾಗುತ್ತದೆ. ಬಟ್ಟಲನ್ನು ಮುಕ್ಕಾಲಿಗಿಂತ ಹೆಚ್ಚು ತುಂಬಬೇಡಿ. ಒಂದು ಲೀಟರ್ ಎಂದು ಬರೆದಿದ್ದರೂ 600 ಮಿಲಿಲೀಟರ್ ಹಾಕಿದರೇ ಸರಿ, ಗಾಳಿ ಸೇರಿ ಉಬ್ಬುತ್ತದೆ. ಅಂಗಡಿಯ ಡಬ್ಬಿಯಲ್ಲಿ ಅರ್ಧದಷ್ಟು ಗಾಳಿಯೇ ಇರುವುದುಂಟು. ಮನೆಯದರಲ್ಲಿ ಅಷ್ಟು ಹಿಡಿಯುವುದಿಲ್ಲ, ಆದ್ದರಿಂದ ಒಂದು ಬಟ್ಟಲು ತಿಂದರೆ ಎರಡು ತಿಂದಂತಾಗುತ್ತದೆ.

ಆಮೇಲೆ ಅದರ ಪಕ್ಕದಲ್ಲೇ ಇರಿ. ಮೊದಲ ಐದು ನಿಮಿಷ ಹಾಲು ಬರೀ ಚೆಲ್ಲಾಡುತ್ತದೆ. ಹತ್ತರ ಹೊತ್ತಿಗೆ ಅಂಚಿನಲ್ಲಿ ಅಂಬಲಿಯ ಹಾಗೆ ದಪ್ಪವಾಗುತ್ತದೆ. ಹದಿನೆಂಟು ಇಪ್ಪತ್ತಕ್ಕೆ ಮೋಟಾರಿನ ದನಿ ಇಳಿದು, ಏರು ಹತ್ತುವ ಬಸ್ಸಿನಂತೆ ತೇಗುತ್ತದೆ. ಆಗ ಇಣುಕಿ ನೋಡಿ: ರೆಕ್ಕೆ ಹಾದುಹೋದ ಗೆರೆ ತಕ್ಷಣ ಮುಚ್ಚಿಕೊಳ್ಳದೆ ಒಂದು ಕ್ಷಣ ಹಾಗೇ ನಿಲ್ಲುತ್ತಿದ್ದರೆ ಆಯಿತು. ಗೋಡಂಬಿ, ದ್ರಾಕ್ಷಿ ಹಾಕುವುದಿದ್ದರೆ ಅದೇ ಹೊತ್ತು. ನಾನು ಅಮೀನಗಡದ ಕರದಂಟನ್ನು ಕಡಲೆಕಾಳಿನಷ್ಟು ಸಣ್ಣಗೆ ಮುರಿದು ಹಾಕುತ್ತೇನೆ. ದೊಡ್ಡ ಚೂರಾದರೆ ಅದರಲ್ಲಿನ ಅಂಟು, ಬೆಲ್ಲ ತಂಪಿಗೆ ಬಿಗಿದು ನನ್ನ ಕಟ್ಟಿದ ಹಲ್ಲಿಗೇ ಬರುತ್ತದೆ.

ಯಂತ್ರದಿಂದ ತೆಗೆದದ್ದು ಮೆತ್ತಗಿರುತ್ತದೆ, ತಿನ್ನಲು ಅದೇ ರುಚಿ ಎನ್ನುವವರು ಆಗಲೇ ತಿನ್ನಬಹುದು. ಗಟ್ಟಿ ಬೇಕೆಂದರೆ ಅಗಲವಾದ ಸ್ಟೀಲ್ ಡಬ್ಬಿಯಲ್ಲಿ ಹರಡಿ, ಮೇಲ್ಮೈಗೆ ತಾಗುವಂತೆ ಬಟರ್ ಪೇಪರ್ ಒತ್ತಿ, ಫ್ರೀಜರಿನ ಹಿಂಭಾಗದಲ್ಲಿ ನಾಲ್ಕು ತಾಸು ಇಡಿ. ಬಟ್ಟಲಿನಿಂದ ತೆಗೆಯಲು ಮರದ ಅಥವಾ ಪ್ಲಾಸ್ಟಿಕ್ ಚಮಚವೇ ಆಗಬೇಕು. ಸ್ಟೀಲ್ ಸೌಟು ಹಾಕಿ ಕೆರೆದರೆ ಗೋಡೆ ಗೀರುಬಿದ್ದು ಒಂದು ದಿನ ಒಳಗಿನ ದ್ರವ ಸೋರುತ್ತದೆ. ಒಂದು ವಾರದೊಳಗೆ ಮುಗಿಸಿ, ಆಮೇಲೆ ಬರ್ಫದ ಹರಳು ಕಟ್ಟುತ್ತದೆ. ಕರಗಿದ್ದನ್ನು ಮತ್ತೆ ಫ್ರೀಜರಿಗೆ ಇಡುವ ಅಭ್ಯಾಸ ಬೇಡವೇ ಬೇಡ. ಮಕ್ಕಳ ಹೊಟ್ಟೆ ಕೆಟ್ಟರೆ ಬೈಯಿಸಿಕೊಳ್ಳುವವರು ನಾವೇ.

ರುಚಿಗಳಲ್ಲಿ ನನಗೆ ಚಿಕ್ಕು ಎಲ್ಲಕ್ಕಿಂತ ಮೇಲು. ಪೂರ್ತಿ ಕಳಿತ ಹಣ್ಣಿನ ತಿರುಳು ಒಂದು ಲೋಟ ಹಾಕಿ, ಹಾಲನ್ನು ಅಷ್ಟೇ ಕಡಿಮೆ ಮಾಡಿ, ಸಕ್ಕರೆಯನ್ನು 60 ಗ್ರಾಮಿಗೆ ಇಳಿಸಿ. ಹಣ್ಣು ಸ್ವಲ್ಪ ಕಾಯಿಯಿದ್ದರೂ ಒಗರು ಬಂದು ಎಲ್ಲ ಹಾಳು. ಮಾವಿನ ಕಾಲದಲ್ಲಿ ಉಳಿದ ಶೀಕರಣೆಯನ್ನೇ ತಂಪು ಮಾಡಿ ಸುರಿಯಬಹುದು, ಯಾವ ತಕರಾರೂ ಇಲ್ಲ. ಹಣ್ಣಿನ ತುಂಡುಗಳನ್ನು ಹಸಿಯಾಗಿ ಹಾಕಬೇಡಿ. ಹಣ್ಣಿನಲ್ಲಿ ನೀರೇ ಹೆಚ್ಚು, ಬರ್ಫದ ಚೂರು ಕಡಿದಂತಾಗುತ್ತದೆ. ಸಕ್ಕರೆಯಲ್ಲಿ ಒಂದು ಕುದಿ ಬೇಯಿಸಿ ಆರಿಸಿ ಹಾಕಿ. ಮಹಾಲಿಂಗಪುರದ ಬೆಲ್ಲದ ಐಸ್‌ಕ್ರೀಮಿನ ಬಣ್ಣ ಮತ್ತು ವಾಸನೆಗೆ ಸೊಸೆ ಮರುಳಾಗಿದ್ದಾಳೆ. ಆದರೆ ಬೆಲ್ಲ ಬಿಸಿ ಹಾಲಿಗೆ ಬಿದ್ದರೆ ಹಾಲು ಒಡೆಯುತ್ತದೆ, ಪಾಯಸ ಮಾಡುವವರಿಗೆ ಇದು ಗೊತ್ತು. ಬೆಲ್ಲವನ್ನು ಬೇರೆ ಕರಗಿಸಿ, ಸೋಸಿ, ಎರಡೂ ತಣ್ಣಗಾದ ಮೇಲೆ ಕೂಡಿಸಿ.

ಕೊಲ್ಹಾರದ ಗಟ್ಟಿ ಮೊಸರು ಸಿಕ್ಕರೆ ಬಟ್ಟೆಯಲ್ಲಿ ಕಟ್ಟಿ ಚಕ್ಕಾ ಮಾಡಿ, ಸಕ್ಕರೆ ಏಲಕ್ಕಿ ಬೆರೆಸಿ, ಸ್ವಲ್ಪ ಹಾಲಿನಿಂದ ಸಡಿಲ ಮಾಡಿ ಯಂತ್ರಕ್ಕೆ ಹಾಕಿ. ಶ್ರೀಖಂಡಕ್ಕೆ ಇನ್ನೊಂದು ಜನ್ಮ ಬಂದಂತಿರುತ್ತದೆ. ಇಂಡಿ ಊರಿನ ನಿಂಬೆಯನ್ನು ಹಾಲಿಗೆ ಹಿಂಡಲಾಗುವುದಿಲ್ಲವಲ್ಲ, ಅದಕ್ಕೆ ಹಾಲಿಲ್ಲದೆಯೇ ಮಾಡುತ್ತೇನೆ. 400 ಮಿಲಿಲೀಟರ್ ನೀರಿಗೆ 180 ಗ್ರಾಂ ಸಕ್ಕರೆ ಕರಗಿಸಿ, ತಂಪು ಮಾಡಿ, ನಾಲ್ಕೈದು ನಿಂಬೆಯ ರಸ, ಒಂದರ ಸಿಪ್ಪೆಯ ತುರಿ. ಸಿಪ್ಪೆ ತುರಿಯುವಾಗ ಒಳಗಿನ ಬಿಳಿ ಭಾಗ ಬೀಳದಂತೆ ನೋಡಿಕೊಳ್ಳಿ, ಕಹಿ. ಮಧ್ಯಾಹ್ನ ಬಿಸಿಲಿನಿಂದ ಬಂದವರಿಗೆ ಎರಡು ಚಮಚ ಕೊಟ್ಟರೆ ನೀರು ಕೇಳುವುದನ್ನೇ ಮರೆಯುತ್ತಾರೆ.

ತೊಳೆಯುವುದಕ್ಕೆ ಬಟ್ಟಲು ಪೂರ್ತಿ ಮಾಮೂಲಿ ತಾಪಕ್ಕೆ ಬರುವವರೆಗೆ ಕಾಯಿರಿ, ಬಿಸಿನೀರು ಹಾಕಬೇಡಿ. ಮುಚ್ಚಳದಲ್ಲಿ ರೆಕ್ಕೆಯ ಕಡ್ಡಿ ಸೇರುವ ತೂತಿದೆಯಲ್ಲ, ಹಾಲು ಹೋಗಿ ಕೂರುವುದು ಅಲ್ಲಿ. ಹಳೆಯ ಹಲ್ಲುಜ್ಜುವ ಬ್ರಷ್ ಒಂದನ್ನು ಇದಕ್ಕೆಂದೇ ಇಟ್ಟುಕೊಂಡಿದ್ದೇನೆ.

ಈಗ ಶನಿವಾರ ಬೆಳಿಗ್ಗೆ ಬಟ್ಟಲು ಫ್ರೀಜರಿಗೆ ಹೋಗುತ್ತದೆ, ಸೊಸೆಯ ಬಟಾಣಿ ಪೊಟ್ಟಣಗಳು ಪಕ್ಕಕ್ಕೆ ಸರಿಯುತ್ತವೆ. "ಅತ್ತೆ, ನಿಮ್ಮ ಬಟ್ಟಲಿಗೊಂದು ಬೇರೆ ಫ್ರಿಜ್ ತರಿಸೋಣ" ಎಂದು ಅವಳು ನಗುತ್ತಾಳೆ. ಓಣಿಯ ಹೆಣ್ಣುಮಕ್ಕಳು ಯಂತ್ರ ಕೇಳಿಕೊಂಡು ಬರುತ್ತಾರೆ, ಕೊಡುತ್ತೇನೆ. ಹೆಪ್ಪುಗಟ್ಟಿದ ಬಟ್ಟಲನ್ನು ಮಾತ್ರ ಕೊಡುವುದಿಲ್ಲ. ತೊಳೆದು ಒರೆಸಿದ ಬಟ್ಟಲು ಕೈಗಿಟ್ಟು, ನಾಳೆ ಬೆಳಿಗ್ಗೆಯವರೆಗೆ ನಿಮ್ಮ ಫ್ರೀಜರಿನಲ್ಲಿ ಇಟ್ಟುಕೊಳ್ಳಿ ಎಂದು ಕಳಿಸುತ್ತೇನೆ.